ಸೌಡಿಯ ಹಕ್ಕರಕಿ

ಮೂವತ್ತೊಂದು ವರ್ಷ ಎಡದಂಡೆ ಕಾಲುವೆಯ ಸೌಡಿ ನಾನು.
ತೂಬಿನ ಕೀಲಿ ಸೊಂಟಕ್ಕೆ, ಟಾರ್ಚು ಬಗಲಿಗೆ.
ಗೇಜಿನ ಕಲ್ಲಿನ ಮೇಲೆ ನೀರು ಎಷ್ಟು ಫೂಟು ಎಂದು
ನಿದ್ದೆಗಣ್ಣಲ್ಲೂ ಓದುತ್ತಿದ್ದೆ.
ಮೇಲಿನ ಹೊಲದವರು ಬೈದರು, ಕೆಳಗಿನವರು ಬೈದರು,
ನಾನು ನೀರು ಬಿಟ್ಟೆ.
ಬಿಡುವುದಷ್ಟೇ ನನಗೆ ಗೊತ್ತಿದ್ದದ್ದು.

ರಿಟೈರಾಗಿ ಸಿಂಧನೂರಿನ ಈ ಮನೆಗೆ ಬಂದೆ.
ಹಿತ್ತಲು ಹನ್ನೆರಡು ಹೆಜ್ಜೆ ಉದ್ದ, ಏಳು ಹೆಜ್ಜೆ ಅಗಲ.
ಇಲ್ಲಿ ಹಕ್ಕರಕಿ ಹಾಕುತ್ತೇನೆ ಅಂದಾಗ
ದ್ಯಾವಮ್ಮ ಮೊರ ಕೆಳಗಿಟ್ಟು ನಕ್ಕಳು:
"ಅದನ್ನ ಯಾರರ ಬಿತ್ತತಾರೇನು?
ತಾನಾಗಿ ಬರೂದದು. ಬಾ ಅಂದ್ರ ಬರೂದಲ್ಲ."

ಖರೆ. ಯಾರೂ ಬಿತ್ತಿದ್ದಲ್ಲ.
ಬಿಳಿಜೋಳದ ಸಾಲಿನ ನಡುವೆ, ಎರಿ ಹೊಲದ ಇಬ್ಬನಿಯಲ್ಲಿ,
ನೆಲಕ್ಕೆ ಕಿವಿಯಿಟ್ಟು ಏನೋ ಕೇಳಿಸಿಕೊಳ್ಳುವ ಹಾಗೆ
ಹಲ್ಲುಹಲ್ಲಿನ ಎಲೆ ಹರಡಿ ಮಲಗಿರುತ್ತಿತ್ತು.
ಕಳೆ ತೆಗೆಯಲು ಹೋದ ಹೆಂಗಸರ ಉಡಿಯಲ್ಲಿ ಊರಿಗೆ ಬರುತ್ತಿತ್ತು.
ಕಟಿ ರೊಟ್ಟಿ, ಗುರೆಳ್ಳು ಹಿಂಡಿ, ಗುದ್ದಿದ ಉಳ್ಳಾಗಡ್ಡಿ,
ಅದರ ಮೇಲೆ ತೊಳೆದೂ ತೊಳೆಯದ ಹಸಿ ಹಕ್ಕರಕಿ.
ಹಲ್ಲಿಗೆ ಮಣ್ಣು ಸಿಕ್ಕು ನಾನು ಮುಖ ಕಿವುಚಿದರೆ
ಅಪ್ಪ ಅನ್ನುತ್ತಿದ್ದ,
"ಅದೂ ನಮ್ಮ ಹೊಲಾನ, ನುಂಗು."

ಆ ಹೊಲಕ್ಕೆ ನೀರು ಬಿಟ್ಟವನು ನಾನೇ.
ಜೋಳ ಹೋಯಿತು, ನೆಲ್ಲು ಬಂತು.
ವರ್ಷಕ್ಕೆ ಎರಡು ಬೆಳೆ, ಮನೆಗೆ ಗಿಲಾವು,
ತಂಗಿಯ ಕಿವಿಗೆ ಬೆಂಡೋಲೆ. ದೂರುವುದಿಲ್ಲ.
ಹಕ್ಕರಕಿ ಯಾವ ವರ್ಷ ಹೋಯಿತು ಎಂದು ಕೇಳಿದರೆ ಮಾತ್ರ
ನನ್ನ ರಿಜಿಸ್ಟರಿನಲ್ಲಿ ಆ ಕಾಲಂ ಇರಲಿಲ್ಲ.

ಮುದಗಲ್ ಕಡೆಯ ನಾದಿನಿ ಅಮರಮ್ಮ
ಮಾತ್ರೆಯ ಚೀಟಿಯಲ್ಲಿ ಬೀಜ ಕಟ್ಟಿ
ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದಳು.
ಬಿಚ್ಚಿದೆ. ಒಂದು ಸೀನು ಬಂತು.
ಅರ್ಧ ಬೀಜ ಗಾಳಿಯ ಪಾಲು.

ಉಳಿದ ಅರ್ಧಕ್ಕೆ ಮುಂಜಾನೆ ನೀರು, ಸಂಜೆ ನೀರು.
ಕೈ ಕೇಳಬೇಕಲ್ಲ?
ಬುಡ ಕೊಳೆತು ಒಂದೊಂದೇ ಹಳದಿಯಾದವು.
ಬದುಕಿದ್ದ ಎರಡನ್ನು
ಕ್ಯಾಂಪಿನಿಂದ ಬಂದ ಪಕ್ಕದ ಮನೆಯ ವೆಂಕಾಯಮ್ಮ
ಕಸವೆಂದು ಕಿತ್ತು, ನನಗೆ ಉಪಕಾರ ಮಾಡಿದೆ ಅಂದುಕೊಂಡಳು.

ಅಮರಮ್ಮ ಫೋನಿನಲ್ಲಿ ಬೈದಳು:
"ಮಾವ, ನೀ ಅದನ್ನ ಸಾಕಬ್ಯಾಡ, ಮರೀ.
ಮರಿ, ಆದ್ರ ಎಲ್ಲೈತಿ ಅಂತ ನೆನಪಿಟ್ಟುಕೋ."

ಮರುವರ್ಷ ಟಂಟಂನಲ್ಲಿ ಮೂರು ಚೀಲ ಎರಿ ಮಣ್ಣು ತರಿಸಿದೆ.
ಒಡೆದ ಸಿಮೆಂಟು ಬಾನಿಗೆ ತುಂಬಿ, ಬೀಜ ಚೆಲ್ಲಿ,
ಹಸ್ತ ಮಳೆಗೆ ಬಿಟ್ಟೆ.
ಆಮೇಲೆ ಮಣ್ಣು ಬಿರಿಯಿತು.
ಬಿರುಕಿನ ಮುಂದೆ ಚೊಂಬು ಹಿಡಿದು ನಿಂತೆ,
ಚೊಂಬು ಹಿಡಿದೇ ಒಳಗೆ ಬಂದೆ.
ರಾತ್ರಿ ಎರಡಕ್ಕೆ ಎದ್ದು ಟಾರ್ಚು ಬಿಟ್ಟು ನೋಡಿದೆ.
ಇಷ್ಟು ಕಷ್ಟದ ಡ್ಯೂಟಿ
ಇಲಾಖೆ ನನಗೆ ಎಂದೂ ಹಾಕಿರಲಿಲ್ಲ.

ಅವರಾತ್ರಿ ಕಳೆದು ಚಳಿ ಬಿದ್ದ ಮೇಲೆ
ಒಂದು ಎಲೆ ಚಿವುಟಿದೆ. ಬಿಳಿ ಹಾಲು ಜಿನುಗಿ ಬೆರಳಿಗೆ ಅಂಟಿತು.
ದ್ಯಾವಮ್ಮ ರೊಟ್ಟಿಯಲ್ಲಿ ಸುತ್ತಿ ಕಣ್ಣು ಮುಚ್ಚಿ ಅಗಿದಳು,
ನಾನು ಫಲಿತಾಂಶ ಕಾಯುವ ಹುಡುಗನಂತೆ ಕೂತೆ.
"ಕಹಿ ಕಮ್ಮಿ ಐತಿ.
ಇನ್ನಷ್ಟು ಒಣಗಸು."

ನಾಲ್ಕು ಗಿಡ ಕೀಳದೆ ಬಿಟ್ಟೆ.
ಹಳದಿ ಹೂ, ಆಮೇಲೆ ಬಿಳಿ ಕುಚ್ಚು,
ಶಿವರಾತ್ರಿಯ ಗಾಳಿಗೆ ಗೋಡೆ ದಾಟಿ ಹೋದವು.
ತೂಬಿಲ್ಲ, ಸರದಿಯಿಲ್ಲ, ಕೀಲಿಯಿಲ್ಲ.

ಈಗ ಮತ್ತೆ ಹಸ್ತ ಕಳೆದಿದೆ.
ವೆಂಕಾಯಮ್ಮ ಗೋಡೆಯಾಚೆಯಿಂದ ಕರೆದು
ತನ್ನ ಕೊತ್ತಂಬರಿ ಮಡಿಯ ಮೂಲೆ ತೋರಿಸಿದಳು.
ಮೂರೆಲೆ. ಕಿತ್ತಿರಲಿಲ್ಲ.
"ಇದು ನಿಮ್ಮದೇ ಅಲ್ವಾ ಅಣ್ಣ?
ನೀರು ಎಷ್ಟು ಬಿಡಬೇಕು?"

ಮೂವತ್ತೊಂದು ವರ್ಷ ಜನ ನನ್ನನ್ನು ಕೇಳಿದ್ದು ಇದೊಂದೇ.
ಅವಳ ಕೈಯ ಚೊಂಬು ಇಸಿದುಕೊಂಡು
ನಿಂತಲ್ಲೇ
ಎತ್ತಿ ಕುಡಿದೆ.