ಒಂದು ಸಲಕ್ಕೆ ಒಂದೇ ಮಾತು

ಜಾಫ್ತಾ ಟೀಚರ್, ಕರೆಸಿದಿರಿ, ಬಂದಿದ್ದೇನೆ.
ಗಂಧಕದ ವಾಸನೆಗೆ ಕ್ಷಮಿಸಿ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ.
ಇವತ್ತು ದ್ರಾಕ್ಷಿಗೆ ಪುಡಿ ಹೊಡೆಯುವ ದಿನ.
ಈ ಮಕ್ಕಳ ಕುರ್ಚಿಯಲ್ಲೇ ಕೂರುತ್ತೇನೆ, ಪರವಾಗಿಲ್ಲ.

ಡೆನೊವನ್ ಮತ್ತೆ ಕದ್ದ, ಅಂದಿರಿ. ಹಳದಿ ಪೆನ್ಸಿಲ್ ಡಬ್ಬಿ.
ಕೇಳಿದರೆ ದಿನಕ್ಕೊಂದು ಕತೆ.
ಸೋಮವಾರ ಬಾಯಿಗೆ ಬಂದಿದ್ದ ಏಳರ ಮಗ್ಗಿ
ಗುರುವಾರಕ್ಕೆ ಇಲ್ಲ.
ಬೈದರೆ ನಗುತ್ತಾನೆ.
ಹೌದು, ನಗುತ್ತಾನೆ.
ಹೆದರಿದಾಗ ಅವನಿಗೆ ಬರುವುದು ಆ ಮುಖವೊಂದೇ.

ನಮ್ಮ ಕಣಿವೆಯ ರೈಲು ನಿಮಗೆ ಗೊತ್ತಲ್ಲ,
ಒಂದು ದಿನ ನಿಲ್ಲುತ್ತದೆ, ಒಂದು ದಿನ
ಸ್ಟೇಷನ್ನೇ ಇಲ್ಲವೆಂಬಂತೆ ಹೊರಟುಹೋಗುತ್ತದೆ.
ಒಳಗೆ ಸಾಮಾನಿಲ್ಲ ಎಂದಲ್ಲ.
ಆವತ್ತು ಇಳಿಯಲಿಲ್ಲ, ಅಷ್ಟೆ.

ನನ್ನ ಅಜ್ಜನಿಗೆ ಕೂಲಿಯ ಬದಲು ತಗಡಿನ ಲೋಟ,
ಬೆಳಕು ಹರಿಯುವ ಮುಂಚೆ ಒಂದು, ಕತ್ತಲಾಗುವಷ್ಟರಲ್ಲಿ ಐದು.
ಅಪ್ಪನಿಗೆ ಶುಕ್ರವಾರದ ಕ್ಯಾನು.
ನನ್ನ ಕಾಲಕ್ಕೆ ಯಾರೂ ಕೊಡಲಿಲ್ಲ. ನಾವೇ ಕೊಂಡೆವು,
ಬೆಳ್ಳಿ ಬಣ್ಣದ ಚೀಲ, ಐದು ಲೀಟರು.
ಖಾಲಿಯಾದ ಮೇಲೆ ಊದಿ ಗಾಳಿ ತುಂಬಿದರೆ
ಮಕ್ಕಳಿಗೆ ದಿಂಬು.

ಒಳಗೊಬ್ಬ ಇದ್ದಾನೆಂದು
ನಾಲ್ಕು ತಿಂಗಳು ನನಗೆ ತಿಳಿಯಲಿಲ್ಲ.
ತಿಳಿದ ಮೇಲೆ?
ಅದನ್ನೂ ಹೇಳುತ್ತೇನೆ.
ತಿಳಿದ ಮೇಲೂ ಶನಿವಾರಗಳು ಬಂದವು.
ಕ್ಲಿನಿಕ್ಕಿನವರು ತೂಕ ನೋಡಿದರು, ರಕ್ತ ತೆಗೆದರು,
ಏನು ಕುಡಿಯುತ್ತೀ ಎಂದು ಕೇಳಲಿಲ್ಲ.
ಕೇಳಿದ್ದರೆ, ಚಹಾ ಅನ್ನುತ್ತಿದ್ದೆ.

ಬಿಟ್ಟು ಆರು ವರ್ಷವಾಯಿತು. ಮೆಚ್ಚಿಸಲು ಹೇಳುತ್ತಿಲ್ಲ.
ಮೂಗಿನಿಂದ ತುಟಿಗೆ ಇಳಿಯುವ ಸಣ್ಣ ಕಾಲುವೆ,
ನಿಮಗಿದೆ, ನನಗಿದೆ, ಇವನಿಗಿಲ್ಲ.
ಮುಖ ತೊಳೆಸುವಾಗ ದಿನಾ ನನ್ನ ಬೆರಳು
ಅಲ್ಲಿ ತಡೆಯಿಲ್ಲದೆ ಜಾರುತ್ತದೆ.
ನನ್ನ ಕೋರ್ಟು ಅದೇ.
ಬೇರೆಯದು ಬೇಡ, ಟೀಚರ್.

ನಾನು ಕಲಿತದ್ದನ್ನು ಕೇಳಿ.
ಬೂಟು ಹಾಕು, ಚೀಲ ತಗೋ, ಬಾಗಿಲೆಳೆ, ತಂಗಿಯನ್ನು ಕರಿ
ಅಂದರೆ ಅವನಿಗೆ ದಕ್ಕುವುದು ತಂಗಿ ಮಾತ್ರ.
ಬರಿಗಾಲಲ್ಲಿ ಬೀದಿಗೆ ಓಡುತ್ತಾನೆ ಹುಡುಕಲು.
ಅದಕ್ಕೆ ಬೂಟು ಅನ್ನುತ್ತೇನೆ.
ಕಾಯುತ್ತೇನೆ.
ಚೀಲ ಅನ್ನುತ್ತೇನೆ.
ಕಾಯುತ್ತೇನೆ. ಬಸ್ಸು ಹೋದರೆ ಹೋಯಿತು.
ದ್ರಾಕ್ಷಿ ಪೆಟ್ಟಿಗೆಯ ರಟ್ಟಿನ ಮೇಲೆ ಬೆಳಗನ್ನೆಲ್ಲ ಬರೆದು
ಗೋಡೆಗೆ ಅಂಟಿಸಿದ್ದೇನೆ.
ನಾನು ಬರೆದ ಹಲ್ಲುಜ್ಜುವ ಬ್ರಷ್ಷು ಪೊರಕೆಯಂತಿದೆ.
ಇರಲಿ, ಅವನಿಗೆ ಗೊತ್ತು.

ಆ ಡಬ್ಬಿಯ ವಿಷಯ.
ಬೆಂಚಿನ ಮೇಲಿತ್ತು, ಯಾರ ಕೈಯಲ್ಲೂ ಇರಲಿಲ್ಲ.
ಯಾರ ಕೈಯಲ್ಲೂ ಇಲ್ಲದ್ದು ಯಾರದೂ ಅಲ್ಲ, ಅವನ ಲೆಕ್ಕದಲ್ಲಿ.
ಹೋದ ಚಳಿಗಾಲ ತನ್ನ ಸ್ವೆಟರನ್ನು
ಬಸ್ಸಿನಲ್ಲಿ ನಡುಗುತ್ತಿದ್ದ ಹುಡುಗಿಗೆ ಹೊದಿಸಿ ಬಂದ,
ಹೆಸರೂ ಗೊತ್ತಿಲ್ಲ.
ಅದಕ್ಕೆ ಯಾರೂ ನನ್ನನ್ನು ಕರೆಸಲಿಲ್ಲ.

ನಲವತ್ಮೂರು ಮಕ್ಕಳು ನಿಮಗೆ. ನೋಡುತ್ತಿದ್ದೇನೆ,
ನಿಮ್ಮ ಕಣ್ಣೂ ಸೋತಿದೆ.
ಹೆಚ್ಚು ಕೇಳುವುದಿಲ್ಲ.
ಫ್ಯಾನಿನ ಸದ್ದಿನಿಂದ ದೂರ ಕೂರಿಸಿ.
ಮಗ್ಗಿಯನ್ನು ನಾಳೆ ಮತ್ತೆ ಹೇಳಿ, ಮೊದಲ ಸಲ ಹೇಳುವವರ ಹಾಗೆ.
ಸೋಮಾರಿ ಎಂಬ ಮಾತನ್ನು ಮಾತ್ರ ಅನ್ನಬೇಡಿ.
ಏಳರ ಮಗ್ಗಿ ಮರೆಯುತ್ತಾನೆ,
ಅದನ್ನು ಮರೆಯುವುದಿಲ್ಲ.

ಹೊರಡುತ್ತೇನೆ. ಕಿಟಕಿಯಲ್ಲಿ ನೋಡಿ,
ಗೇಟಿನ ಬಳಿ ನಿಲ್ಲು ಅಂದಿದ್ದೆ. ನಿಂತಿದ್ದಾನೆ,
ಮುಕ್ಕಾಲು ಗಂಟೆಯಿಂದ, ನೆತ್ತಿಯ ಬಿಸಿಲಿಗೆ,
ಅಂದ ಜಾಗದಲ್ಲೇ.
ಮರದ ನೆರಳು ಎರಡು ಹೆಜ್ಜೆ ಆಚೆಗಿದೆ.
ನೆರಳಲ್ಲಿ ನಿಲ್ಲು ಅನ್ನುವುದನ್ನು
ನಾನು ಮರೆತಿದ್ದೆ.