ಅಣಶಿ ಘಾಟಿಯಲ್ಲಿ ಮೀನಿನ ಗಾಡಿ

ಕಾರವಾರ ಬಿಟ್ಟಾಗ ಬಂಗಡೆಯ ಮೇಲೆ ಮಂಜುಗಡ್ಡೆ,
ನನ್ನ ಕೊರಳಲ್ಲಿ ಎರವಲು ದುರ್ಬೀನು.
ಕದ್ರಾ ದಾಟಿದ್ದೇ ದಾಮು ಹರಿಕಂತ್ರ ರೇಡಿಯೋ ಆರಿಸಿದ:
"ಇನ್ನು ಅವರ ಮನೆ."

ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದುಕೊಂಡರು,
ನಿಲ್ಲಿಸಬೇಡಿ ಎಂದರು.
ದಾಮು ನಿಲ್ಲಿಸುವುದಿಲ್ಲ,
ಎರಡನೇ ಗೇರಿಗೆ ಇಳಿಸುತ್ತಾನೆ, ಅಷ್ಟೆ.
"ಎಡಕ್ಕೆ" ಅಂದ.
ಒದ್ದೆ ಬಂಡೆಯ ತುಂಬ ಕರ್ಣಕುಂಡಲ,
ಹನಿ ಬಿದ್ದಾಗೆಲ್ಲ ಹೂಂ ಹೂಂ ಎನ್ನುತ್ತ.
"ಮೇಲೆ" ಅಂದ.
ನಾನು ದುರ್ಬೀನು ಹೊಂದಿಸುವಷ್ಟರಲ್ಲಿ
ಮಂಗಟ್ಟೆಯ ರೆಕ್ಕೆಸದ್ದು ಮಾತ್ರ ಉಳಿದಿತ್ತು,
ಯಾರೋ ಹಳೇ ಚಾಪೆ ಕೊಡವಿದ ಹಾಗೆ.

ತಿರುವಿನಲ್ಲೊಂದು ಗೌರಿ ಹೂ, ಉರಿಯುತ್ತ.
ಕೆಂಜಳಿಲಿನ ಬಾಲ, ಬರೀ ಬಾಲ.
ನನ್ನ ಚೀಟಿಯಲ್ಲಿ ಬರೆದದ್ದೆಲ್ಲ
ಅವನ ಕಣ್ಣಿನ ಸಂಪಾದನೆ.
ಹುಲಿ? ಕೇಳಿದೆ.
"ಹದಿನೇಳು ವರ್ಷ ಆಯ್ತು.
ಒಂದ್ಸಲ ವಾಸನೆ."

ಜೋಯ್ಡಾದಲ್ಲಿ ಬುಟ್ಟಿ ಇಳಿಸಿ
ಮರಳುವಾಗ ಮಬ್ಬುಗತ್ತಲು.
ಅದೇ ಬಂಡೆ, ಅದೇ ಎರಡನೇ ಗೇರು.
ಬೆಳಿಗ್ಗೆ ನಮ್ಮ ಗಾಡಿಯ ಮೀನುನೀರು
ತೊಟ್ಟಿಕ್ಕಿದ ಡಾಂಬರನ್ನು
ಪುನುಗು ಬೆಕ್ಕೊಂದು ನೆಕ್ಕುತ್ತಿತ್ತು.
ತಲೆಯೆತ್ತಿ ನೋಡಿತು,
ಮೊದಲು ಗಾಡಿಯನ್ನು,
ಆಮೇಲೆ ದಾಮುವನ್ನು,
ನನ್ನನ್ನು ನೋಡಲೇ ಇಲ್ಲ.

ದಾಮು ದೀಪ ತಗ್ಗಿಸಿ,
"ಉದ್ರಿ ಗಿರಾಕಿ" ಅಂದ.