ವೆಲ್ಸ್‌ನಲ್ಲಿ ಎರಡು ರಾತ್ರಿ

ವಿದ್ಯುತ್ ಬಿಲ್ಲಿನ ಲಕೋಟೆ. ಅದರ ಬೆನ್ನಿಗೆ ಬರೆಯುತ್ತೇನೆ:
ಶುಕ್ರವಾರ, ಸ್ವಿಂಡನ್ನಿನಿಂದ ಬಾತ್‌ವರೆಗೆ ರೈಲು.
ಅಲ್ಲಿಂದಾಚೆ ಬಸ್ಸೇ.
ವೆಲ್ಸ್‌ಗೆ ಈಗ ರೈಲಿಲ್ಲ. ನಾವು ಚಿಕ್ಕವರಿದ್ದಾಗಲೇ
ನಿಲ್ಲಿಸಿಬಿಟ್ಟರು, ಅನ್ನುತ್ತಾನೆ ಡೆನ್ಜಿಲ್,
ತನ್ನದೇ ಹಲ್ಲು ಕಿತ್ತರೇನೋ ಎಂಬಂತೆ.
ಇಪ್ಪತ್ತು ವರ್ಷ ಇಲ್ಲಿಯ ರೈಲು ಕಾರ್ಖಾನೆಯಲ್ಲಿ
ಬೋಲ್ಟು ಬಿಗಿದ ಕೈ;
ಈಗ ಅಂಗಿಯ ಗುಂಡಿಗೂ ನನ್ನ ಕೈ ಬೇಕು.

ವಸತಿಗೃಹದವಳಿಗೆ ಫೋನು ಮಾಡಿ ಕೇಳಿದ್ದು ಮೂರೇ ಪ್ರಶ್ನೆ:
ನೆಲಮಹಡಿಯೇ?
ಬಚ್ಚಲಲ್ಲಿ ಹಿಡಿಕೆ ಇದೆಯೇ?
ಮಂಚ ಎಷ್ಟು ಎತ್ತರ?
ಮಂಚದ ಎತ್ತರ ಈವರೆಗೆ ಯಾರೂ ಕೇಳಿರಲಿಲ್ಲವಂತೆ.
ಟೇಪು ತರಲು ಹೋದಳು. ಕಾದೆ.
ಐವತ್ತಮೂರು ಸೆಂಟಿಮೀಟರ್. ಪರವಾಗಿಲ್ಲ.
ಇನ್ನೊಂದು ಕೋಣೆಯಿದೆ, ಕಿಟಕಿಯಿಂದ ಕೆಥೆಡ್ರಲ್ ಕಾಣುತ್ತೆ,
ಇಪ್ಪತ್ತು ಪೌಂಡು ಜಾಸ್ತಿ, ಅಂದಳು.
ಬೇಡಮ್ಮಾ, ಅಂದೆ. ನಡೆದು ಹೋಗಿ
ಪುಕ್ಕಟೆ ನೋಡುತ್ತೇವೆ.

ಶನಿವಾರ ಚೌಕದಲ್ಲಿ ಸಂತೆ.
ಚೀಸು, ಸೇಬು, ಯಾರೋ ಹೆಣೆದ ಟೋಪಿಗಳು,
ಮತ್ತು ಉಬ್ಬುತಗ್ಗಿನ ಕಲ್ಲುಹಾಸು.
ನಕಾಶೆಯಲ್ಲಿ ನಾನು ಗುರುತು ಹಾಕಿದ್ದು ಬೆಂಚುಗಳಿಗೆ.
ಏಳು ಸಿಕ್ಕವು. ಎರಡರ ನಡುವೆ
ನೂರಹತ್ತು ಹೆಜ್ಜೆ: ಅಲ್ಲಿ ಪ್ರಶ್ನಾರ್ಥಕ ಚಿಹ್ನೆ.

ಬಿಷಪ್ಪನ ಅರಮನೆಯ ಕಂದಕದಲ್ಲಿ ಹಂಸಗಳು
ಹಸಿವಾದರೆ ಹಗ್ಗ ಎಳೆದು ಗಂಟೆ ಬಾರಿಸುತ್ತವಂತೆ.
ಓದಿ ಹೇಳಿದೆ. ಡೆನ್ಜಿಲ್ ನಕ್ಕ.
ಅವನ ಮಂಚದ ಪಕ್ಕದಲ್ಲೂ ಒಂದಿದೆ,
ನನ್ನ ತಂಗಿ ತಂದಿಟ್ಟ ಹಿತ್ತಾಳೆಯದು.
ಒಂದು ದಿನ ಬಾರಿಸಿದವನಲ್ಲ, ಮೊಂಡ.
ಬಿದ್ದ ಸದ್ದೇ ಅವನ ಗಂಟೆ.

ಆಮೇಲೆ ಗಡಿಯಾರ.
ಕೆಥೆಡ್ರಲ್ಲಿನ ಒಳಗೋಡೆಯ ಮೇಲೆ, ಆರುನೂರು ವರ್ಷದ್ದು.
ಕಾಲುಗಂಟೆಗೊಮ್ಮೆ ಮರದ ಸವಾರರು
ಸುತ್ತು ಬರುತ್ತ ಕಾದುತ್ತಾರೆ,
ಒಬ್ಬ, ಪ್ರತಿ ಸಲವೂ ಅವನೇ,
ಕುದುರೆಯ ಮೇಲೆ ಅಂಗಾತ ಬೀಳುತ್ತಾನೆ,
ಮರೆಗೆ ಹೋಗಿ ಎದ್ದು ಬರುತ್ತಾನೆ.
'ನಂದು ವಾರಕ್ಕೆ ಮೂರು,' ಅಂದ ಡೆನ್ಜಿಲ್,
'ಅವನ ಮುಂದೆ ನಾನಿನ್ನೂ ಅಪ್ರೆಂಟಿಸ್.'
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದಂತೆ.
ಇವನಿಗೆ ಮೀಸೆ ಇಲ್ಲ.
ಮಂಗಳವಾರ ಹುಬ್ಬು ಒಡೆದು ಮೂರು ಹೊಲಿಗೆ.

ಗಡಿಯಾರದ ಹತ್ತಿರದಲ್ಲೇ ಒಂದು ಬಾಗಿಲು, ಬಾಗಿಲಾಚೆ ಮೆಟ್ಟಿಲು.
ಸವೆದ ಕಲ್ಲು, ಮೇಲಿಂದ ಇಳಿದು ಬರುವ ನೀರಿನ ಹಾಗೆ.
ಹನ್ನೆರಡನೇ ವಯಸ್ಸಿನಲ್ಲಿ ಶಾಲೆಯವರು ಕರೆದೊಯ್ದಾಗ
ಎರಡೆರಡೇ ಹಾರಿ ಹತ್ತಿದ್ದೆ.
ಮೇಲೆ ಎಂಟು ಮೂಲೆಯ ಕೋಣೆ,
ನಡುವೆ ಒಂದೇ ಕಂಬ, ತಾಳೆಮರದಂತೆ
ಚಾವಣಿಗೆ ಬೆರಳು ಚಾಚಿದ್ದು.
ಅಲ್ಲಿ ನಿಂತು ಸುಮ್ಮಸುಮ್ಮನೆ ನನ್ನ ಹೆಸರನ್ನೇ ಕೂಗಿ,
ಮೆರಿಲ್! ಅಂತ,
ಟೀಚರಿಂದ ಬೈಸಿಕೊಂಡಿದ್ದೆ.

ಲಕೋಟೆಯ ಮೂಲೆಗೆ ಬರೆದೆ, ಚಿಕ್ಕದಾಗಿ:
ಅವನು ಗಡಿಯಾರದೆದುರು, ಕುರ್ಚಿ. ನಾನು ಮೇಲೆ. ೧೫ ನಿಮಿಷ.
ಆ ಮರದವನು ಒಮ್ಮೆ ಬಿದ್ದು
ಮತ್ತೆ ಬೀಳುವವರೆಗೆ.
ಬರೆದದ್ದರ ಮೇಲೆ ಟೀ ಕಪ್ಪು ಇಟ್ಟೆ,
ಗಂಡನಿಗೆ ಹೇಳದೆ ಸಾಲ ಮಾಡಿದವಳ ಹಾಗೆ.

ಬೆಳಿಗ್ಗೆ ನೋಡಿದರೆ
ಕಪ್ಪು ಸಿಂಕಿನ ಹತ್ತಿರ.
ರಾತ್ರಿ ಅಡುಗೆಮನೆವರೆಗೆ ಹೇಗೆ ಬಂದನೋ,
ಗೋಡೆ ಹಿಡಿದೋ, ದೇವರನ್ನು ಹಿಡಿದೋ,
ಸದ್ದಂತೂ ಆಗಿಲ್ಲ.
ಹದಿನೈದಕ್ಕೆ ಅಡ್ಡಗೀಟು, ಡೊಂಕು.
ಪಕ್ಕದಲ್ಲಿ ಅವನ ಈಗಿನ ಬರಹ,
ಸಾಲು ತಪ್ಪಿದ ಇರುವೆಗಳು. ಕನ್ನಡಕ ಹಾಕಿ ಓದಿದೆ:
೪೫. ಅವನು ಮೂರು ಸಲ ಬೀಳಲಿ. ನಾನು ನೋಡ್ಕೋತೀನಿ.

ಒಳಗೆ ಗೊರಕೆ. ಹೊರಗೆ ಹಾಲಿನವನ ಗಾಡಿ.
ಒಂಬತ್ತು ಆಗುವವರೆಗೆ ತಡೆದು ಫೋನೆತ್ತಿದೆ.
ಆ ಕಿಟಕಿಯ ಕೋಣೆ, ಅಂದೆ,
ಇಪ್ಪತ್ತು ಜಾಸ್ತಿಯದ್ದು, ಅದೂ ನೆಲಮಹಡಿಯೇ ತಾನೆ?
ಹೌದು, ಅಂದಳು.
ಮತ್ತೆ ನಾನು ಬಾಯಿ ತೆರೆಯುವ ಮೊದಲೇ,
ತಡೀರಿ ತಡೀರಿ, ಅಂದು
ಟೇಪು ತರಲು ಹೋದಳು.